ಮೇ 5ರಂದು ಏನಾಯಿತು? ಫಲಕ ಬರೆಸುವವರಿಗೊಂದು ಬಹಿರಂಗ ಪತ್ರ

ನಮ್ಮ ರಾಜ್ಯದ ಕೋಟೆ, ಅರಮನೆ, ಸ್ಮಾರಕಗಳ ಹೊಣೆ ಹೊತ್ತಿರುವ ಮಾನ್ಯರೇ,

ನಮಸ್ಕಾರ.

ನಾನು ಇತಿಹಾಸದ ಮೇಷ್ಟ್ರಲ್ಲ, ಸಂಶೋಧಕನೂ ಅಲ್ಲ. ರಜೆ ಸಿಕ್ಕಾಗ ಮನೆಯವರ ಜೊತೆ ಹಳೆಯ ಕೋಟೆ, ಹಳೆಯ ಗೋರಿ ನೋಡೋಕೆ ಹೊರಡುವ ಸಾಮಾನ್ಯ ಪ್ರವಾಸಿ. ಟಿಕೆಟ್ ತೆಗೆದುಕೊಳ್ಳುತ್ತೇನೆ, ಫಲಕ ಇದ್ದರೆ ನಿಂತು ಪೂರ್ತಿ ಓದುತ್ತೇನೆ. ಈ ಪತ್ರ ಆ ಫಲಕಗಳ ಬಗ್ಗೆಯೇ. ನೀರಿಲ್ಲ, ಶೌಚಾಲಯಕ್ಕೆ ಬೀಗ, ಪಾರ್ಕಿಂಗ್‌ನವರದ್ದು ದಬ್ಬಾಳಿಕೆ ಎಂಬ ದೂರುಗಳು ತಮಗೆ ದಿನಾ ಬರುತ್ತಿರುತ್ತವೆ. ಅವೂ ನಿಜವೇ. ಆದರೆ ನನ್ನ ದೂರು ಬೇರೆ. ಬ್ರಿಟಿಷರ ಆಳ್ವಿಕೆ ನಮ್ಮ ನೆಲದ ಮೇಲೆ ಗುರುತು ಬಿಟ್ಟುಹೋದ ಜಾಗಗಳಿಗೆ ಹೋದವರು ಅರ್ಧ ಕಥೆ ಕೇಳಿಕೊಂಡು ವಾಪಸ್ ಬರುತ್ತಿದ್ದಾರೆ. ಯಾರು ಯಾವತ್ತು ಗೆದ್ದರು, ಯಾರು ಎಲ್ಲಿ ಸತ್ತರು ಅನ್ನೋದು ಗೊತ್ತಾಗುತ್ತದೆ. ಆಮೇಲೆ ಈ ಊರಿಗೆ, ಈ ಜನಕ್ಕೆ ಏನಾಯಿತು ಅನ್ನೋದು ಗೊತ್ತಾಗುವುದೇ ಇಲ್ಲ.

ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. ಆಟೋದವರು ‘ಎಲ್ಲಾ ಪಾಯಿಂಟ್ ತೋರಿಸ್ತೀನಿ ಸಾರ್’ ಎಂದು ಹತ್ತಿಸಿಕೊಳ್ಳುತ್ತಾರೆ. ರಂಗನಾಥನ ಗುಡಿ, ಬಂದೀಖಾನೆ, ಟಿಪ್ಪು ಶವ ಸಿಕ್ಕಿದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ. ಅಲ್ಲಿಗೆ ಮುಗಿಯಿತು. ಶವ ಸಿಕ್ಕಿದ ಜಾಗದಲ್ಲಿ ಒಂದು ಕಲ್ಲಿದೆ. ಟಿಪ್ಪು ಸುಲ್ತಾನನ ದೇಹ ಇಲ್ಲಿ ಸಿಕ್ಕಿತು ಎಂದು ಇಂಗ್ಲಿಷ್‌ನಲ್ಲಿ ಒಂದು ಸಾಲು. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಆಟೋ ಹತ್ತುತ್ತಾರೆ. ಅವರ ಮಟ್ಟಿಗೆ, ಬ್ರಿಟಿಷರು ಕೋಟೆ ಹಿಡಿದು ಟಿಪ್ಪು ಸತ್ತ 1799ರ ಮೇ 4ರ ಸಂಜೆಗೆ ಈ ಊರಿನ ಕಥೆ ಮುಗಿಯಿತು.

ಮರುದಿನ ಏನಾಯಿತು ಗೊತ್ತೇ? ತಮಗೆ ಗೊತ್ತಿರುತ್ತದೆ. ನಾನು ಕೇಳುತ್ತಿರುವುದು, ಆ ಕಲ್ಲಿನ ಮುಂದೆ ನಿಂತವರಿಗೆ ಗೊತ್ತಾಗುವುದು ಹೇಗೆ ಎಂದು.

ಮೇ 4ರ ರಾತ್ರಿ ಇಡೀ ಊರು ಲೂಟಿಯಾಯಿತು. ಇದು ನಮ್ಮವರು ಕಟ್ಟಿದ ಕಥೆಯಲ್ಲ. ಮುಂದೆ ವಾಟರ್‌ಲೂ ಗೆದ್ದು ಹೆಸರು ಮಾಡಿದ ಆರ್ಥರ್ ವೆಲ್ಲೆಸ್ಲಿ ಆಗ ಇಲ್ಲಿದ್ದ ಕರ್ನಲ್. ಊರಿನಲ್ಲಿ ಲೂಟಿಯಾಗದ ಮನೆ ಇರಲಿಲ್ಲವೆಂದೇ ಹೇಳಬಹುದು ಎಂದು ಅವನೇ ತನ್ನ ಅಣ್ಣ, ಗವರ್ನರ್ ಜನರಲ್‌ಗೆ ಕಾಗದ ಬರೆದಿದ್ದಾನೆ. ಮರುದಿನ ಊರಿನ ಹೊಣೆ ಅವನ ಕೈಗೆ ಬಂತು. ತನ್ನದೇ ಸೈನಿಕರಲ್ಲಿ ಕೆಲವರನ್ನು ನೇಣಿಗೆ ಹಾಕಿಸಿ, ಹಲವರಿಗೆ ಚಾಟಿಯೇಟು ಕೊಡಿಸಿ ಲೂಟಿ ನಿಲ್ಲಿಸಿದ. ಅದೇ ದಿನ ಸಂಜೆ ಟಿಪ್ಪುವನ್ನು ಗುಂಬಜ್‌ನಲ್ಲಿ ತಂದೆ ಹೈದರನ ಪಕ್ಕ ಮಣ್ಣು ಮಾಡಿದರು. ಆ ಹೊತ್ತಿಗೆ ಬಂದ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಈಸ್ಟ್ ಇಂಡಿಯಾ ಕಂಪನಿಯ ಪಡೆಯ ಅಧಿಕಾರಿಗಳೂ ಸತ್ತರು. ಇಷ್ಟು ಕಥೆ ಆ ಒಂದು ಕಲ್ಲಿನ ಪಕ್ಕ ನಿಂತು ಹೇಳುವಂಥದ್ದು. ನಾನು ಹುಡುಕಿದೆ. ಕನ್ನಡದಲ್ಲಿ ಇದನ್ನು ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅದರ ಮುಂದಿನದ್ದು ಇನ್ನೂ ದೊಡ್ಡದು. ಟಿಪ್ಪುವಿನ ರಾಜ್ಯವನ್ನು ಪಾಲು ಮಾಡಿದರು. ಕೆನರಾ, ವಯನಾಡು, ಕೊಯಮತ್ತೂರು ಕಂಪನಿಗೆ ಹೋದವು. ಯುದ್ಧದಲ್ಲಿ ಕಂಪನಿಯ ಜೊತೆಗಿದ್ದ ಹೈದರಾಬಾದಿನ ನಿಜಾಮನಿಗೆ ಅವನ ಪಾಲು ಸಿಕ್ಕಿತು. ಉಳಿದದ್ದನ್ನು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿಗೆ ಬರೆದರು. ಕಂಪನಿಯ ಸೈನ್ಯ ಸಾಕುವ ಖರ್ಚಿಗೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕಟ್ಟಬೇಕು, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ರೈತರಿಂದ ಎತ್ತಿದ ಕಂದಾಯ ಎಲ್ಲಿಗೆ ಹೋಗುತ್ತಿತ್ತು ಅನ್ನೋದಕ್ಕೆ ಇದೊಂದು ಲೆಕ್ಕ ಸಾಕು.

ಶ್ರೀರಂಗಪಟ್ಟಣವನ್ನು ಮಾತ್ರ ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿತು. ಮೈಸೂರು ರಾಜರಿಗೆ ರಾಜಧಾನಿಯಾಗಿದ್ದ ಈ ದ್ವೀಪ 82 ವರ್ಷ ಮೈಸೂರಿನದ್ದಾಗಿರಲಿಲ್ಲ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಒಪ್ಪಿಸಿದಾಗ ಶ್ರೀರಂಗಪಟ್ಟಣವನ್ನೂ ಬಿಟ್ಟುಕೊಟ್ಟರು. ಬದಲಿಗೆ ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮ ಬಳಿ ಇಟ್ಟುಕೊಂಡರು. ಅದು ವಾಪಸ್ ಬಂದದ್ದು 1947ರಲ್ಲಿ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವವರಿಗೆ ಇದು ಗೊತ್ತಾದರೆ ಸಾಕು, ನೋಡುವ ಕಣ್ಣೇ ಬದಲಾಗುತ್ತದೆ. ಆ ದಂಡು ಹುಟ್ಟಿದ್ದೂ ಇಲ್ಲಿಂದಲೇ. ಶ್ರೀರಂಗಪಟ್ಟಣದ ಜ್ವರಕ್ಕೆ ಸೈನಿಕರು ಸಾಯತೊಡಗಿದಾಗ, 1809ರಲ್ಲಿ ಪಡೆಗಳನ್ನು ಬೆಂಗಳೂರಿಗೆ ಕರೆದೊಯ್ದರು. ಅವರು ಹೋದ ಮೇಲೆ ಈ ಊರು ಸೊರಗಿತು. ಇವತ್ತು ನಾವು ನೋಡುವ ಬಿದ್ದ ಗೋಡೆಗಳಿಗೆಲ್ಲ ಯುದ್ಧದ ತೋಪೇ ಕಾರಣ ಅಂದುಕೊಳ್ಳುತ್ತೇವೆ. ಜ್ವರ, ವಲಸೆ, ಬೇಕೆಂದೇ ಕೆಡವಿದ್ದು ಎಲ್ಲವೂ ಅದರಲ್ಲಿ ಸೇರಿವೆ. ಟಿಪ್ಪುವಿನ ಲಾಲ್‌ಬಾಗ್ ಅರಮನೆ (ಬೆಂಗಳೂರಿನದ್ದಲ್ಲ, ಇಲ್ಲಿನದು) ತೋಪಿಗೆ ಬಿದ್ದದ್ದಲ್ಲ. ಆಮೇಲೆ ಬಿಚ್ಚಿದ್ದು. ಅದರ ಮರದ ತೊಲೆಗಳು ನೀಲಗಿರಿ ಹತ್ತಿ, ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿಗೆ ಸೇರಿವೆ. ಪ್ರತಿ ಬೇಸಿಗೆಯಲ್ಲಿ ನಮ್ಮ ಜನ ಮೈಸೂರು ನೋಡಿಕೊಂಡು ಊಟಿಗೆ ಹೋಗುತ್ತಾರೆ. ದಾರಿಯಲ್ಲಿ ಇದನ್ನು ಅವರಿಗೆ ಯಾರು ಹೇಳಬೇಕು?

ಇನ್ನು ಇಲ್ಲಿಂದ ಹೋದ ವಸ್ತುಗಳು. ಹುಲಿಯೊಂದು ಬಿಳಿಯ ಸೈನಿಕನ ಮೇಲೆ ಬಿದ್ದು ಕಚ್ಚುತ್ತಿರುವ ಮರದ ಗೊಂಬೆ, ಒಳಗೆ ತಿದಿಯಿಟ್ಟು ಗರ್ಜನೆ ಹೊರಡುವಂತೆ ಮಾಡಿದ್ದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿಕೊಂಡರು. ಅದರ ಚಿನ್ನದ ಹುಲಿಯ ತಲೆ, ರತ್ನದ ಹುಮಾ ಹಕ್ಕಿ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿವೆ. ಟಿಪ್ಪುವಿನ ಪುಸ್ತಕ ಭಂಡಾರವೂ ಇಲ್ಲಿ ಉಳಿಯಲಿಲ್ಲ. ಅವನ ಮಲಗುವ ಕೋಣೆಯದು ಎನ್ನುವ ಖಡ್ಗವನ್ನು, ಕೋಟೆಯ ಮೇಲಿನ ದಾಳಿ ಮುನ್ನಡೆಸಿದ ಡೇವಿಡ್ ಬೇರ್ಡ್‌ಗೆ ಕಾಣಿಕೆಯಾಗಿ ಕೊಟ್ಟಿದ್ದರು. ಅದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ ಹೋಯಿತು. ಪೇಪರ್‌ನಲ್ಲಿ ಓದಿ ಎಲ್ಲರೂ ಬಾಯಿ ಬಿಟ್ಟೆವು. ವಸ್ತುಗಳು ವಾಪಸ್ ಬರುತ್ತವೋ ಇಲ್ಲವೋ, ಅದು ದೆಹಲಿ ಮತ್ತು ಲಂಡನ್ ನಡುವಿನ ಮಾತು. ಆದರೆ ‘ಇಲ್ಲಿ ಇದ್ದದ್ದು ಇವು, ಈಗ ಇಂತಿಂಥ ಕಡೆ ಇವೆ’ ಎಂದು ನಾಲ್ಕು ಫೋಟೋ ಹಾಕೋಕೆ ಯಾರ ಅಪ್ಪಣೆ ಬೇಕು?

ಫಲಕ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ನಾನು ಕಂಡದ್ದನ್ನೇ ಹೇಳುತ್ತೇನೆ. ಕೋಟೆ ಗೋಡೆ ಒಡೆದು ಕಂಪನಿಯ ಪಡೆ ನುಗ್ಗಿದ ಜಾಗದಲ್ಲಿ ಒಂದು ಎತ್ತರದ ಕಲ್ಲಿನ ಕಂಬವಿದೆ. ಡಿಸೆಂಬರ್, ಶಾಲಾ ಪ್ರವಾಸದ ಕಾಲ. ಮಕ್ಕಳು ಕಂಬದ ಕಟ್ಟೆಯ ಮೇಲೆ ಸಾಲಾಗಿ ಕೂತು ಡಬ್ಬಿಯ ಪುಳಿಯೋಗರೆ ತಿನ್ನುತ್ತಿದ್ದರು. ಒಬ್ಬಳು ಬೆರಳಿಗೆ ಅಂಟಿದ ಎಣ್ಣೆಯನ್ನು ಕಲ್ಲಿಗೇ ಒರೆಸಿದಳು. ಮೇಷ್ಟ್ರು ಬಸ್ಸಿನ ಕಡೆ ನೋಡುತ್ತಾ, ‘ಬೇಗ ಬೇಗ ತಿನ್ರೋ, ಇದು ಟಿಪ್ಪು ನೆನಪಿಗೆ ಕಟ್ಟಿರೋದು’ ಎಂದರು. ಅದು ಟಿಪ್ಪುವಿನ ನೆನಪಿಗೆ ಕಟ್ಟಿದ್ದಲ್ಲ. ಆ ಮುತ್ತಿಗೆಯಲ್ಲಿ ಸತ್ತ ಕಂಪನಿ ಸೈನ್ಯದ ಅಧಿಕಾರಿಗಳ ನೆನಪಿಗೆ ಕಟ್ಟಿದ್ದು. ಅದನ್ನೂ ಬ್ರಿಟಿಷರಲ್ಲ, 1907ರಲ್ಲಿ ನಮ್ಮದೇ ಮೈಸೂರು ಸರ್ಕಾರ ಕಟ್ಟಿಸಿತು. ಮೇಷ್ಟ್ರನ್ನು ನಾನು ದೂರುವುದಿಲ್ಲ. ಐವತ್ತು ಮಕ್ಕಳನ್ನು ಎಣಿಸಿಕೊಂಡು, ಕತ್ತಲಾಗುವುದರೊಳಗೆ ಬೃಂದಾವನ ಮುಟ್ಟಿಸಬೇಕಾದವರು ಸವೆದ ಇಂಗ್ಲಿಷ್ ಅಕ್ಷರ ಓದುತ್ತಾ ಕೂರೋಕಾಗುತ್ತಾ? ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಇದ್ದಿದ್ದರೆ ಓದುತ್ತಿದ್ದರು. ಕೋಟೆಯೊಳಗೆ ಅವತ್ತು ಸತ್ತವರು ಸಾವಿರಾರು ಜನ. ಅವರಿಗಾಗಿ ನೆಟ್ಟ ಕಲ್ಲು ಮಾತ್ರ ನಾನು ಎಲ್ಲೂ ನೋಡಿಲ್ಲ.

ಹಾಗಂತ ಆ ಕಂಬವನ್ನು ಕೀಳಿಸಿ ಎಂದು ಕೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಕಿತ್ತರೆ ಏನಾಗುತ್ತದೆ ಎಂದು ಬೆಂಗಳೂರಿನಲ್ಲಿ ನೋಡಿದ್ದೇವೆ. 1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದಾಗ ಸತ್ತ ಕಂಪನಿಯವರ ನೆನಪಿಗೆ ಹಡ್ಸನ್ ಸರ್ಕಲ್ ಬಳಿ ಒಂದು ಸ್ತಂಭವಿತ್ತು. 1964ರಲ್ಲಿ ತೆಗೆದುಹಾಕಿದರು. ಸ್ತಂಭದ ಜೊತೆಗೇ ಆ ಯುದ್ಧವೂ ಊರಿನ ನೆನಪಿನಿಂದ ಹೋಯಿತು. ಈಗ ಉಳಿದಿರುವುದು ಕೆ.ಆರ್. ಮಾರುಕಟ್ಟೆ ಹತ್ತಿರದ ಕೋಟೆಯ ತುಣುಕು, ಅದರ ಮೇಲೊಂದು ಹಳೆಯ ಫಲಕ: ಈ ಬಿರುಕಿನ ಮೂಲಕ ಬ್ರಿಟಿಷ್ ದಾಳಿ ನಡೆಯಿತು, 1791ರ ಮಾರ್ಚ್ 21. ಅದೇ ರಾತ್ರಿ ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನನ ಹೆಸರು ಆ ಫಲಕದಲ್ಲಿಲ್ಲ. ಗೆದ್ದವರು ಬರೆಸಿದ ಕಲ್ಲು ಗೆದ್ದವರ ಮಾತನ್ನೇ ಆಡುತ್ತದೆ. ಅದು ಇರಲಿ. ಅದರ ಪಕ್ಕ ನಮ್ಮದೂ ಒಂದು ಇರಲಿ ಅನ್ನೋದಷ್ಟೇ ನನ್ನ ಬೇಡಿಕೆ.

ದರಿಯಾ ದೌಲತ್‌ನ ಗೋಡೆಯನ್ನೇ ನೋಡಿ. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿಯ ಸೈನ್ಯವನ್ನು ಬಗ್ಗುಬಡಿದ ಚಿತ್ರ ಅಲ್ಲಿದೆ. ಕೆಂಪು ಕೋಟಿನವರು ಚೌಕ ಕಟ್ಟಿಕೊಂಡು ನಿಂತಿದ್ದಾರೆ, ಮದ್ದಿನ ಗಾಡಿ ಸಿಡಿದಿದೆ, ಪಲ್ಲಕ್ಕಿಯೊಳಗೆ ಅವರ ನಾಯಕ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡಿದ್ದಾನೆ. ಟಿಪ್ಪು ಕಾಲದಲ್ಲೇ ಈ ಚಿತ್ರದ ಮೇಲೆ ಸುಣ್ಣ ಬಳಿದಿದ್ದರಂತೆ. ಅದನ್ನು ಮತ್ತೆ ಬರೆಸಿದವನು ಅದೇ ಮನೆಯಲ್ಲಿ ವಾಸವಿದ್ದ ವೆಲ್ಲೆಸ್ಲಿ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ತಮ್ಮವರ ಸೋಲಿನ ಚಿತ್ರವನ್ನು ಅವರು ಯಾಕೆ ಉಳಿಸಿದರು? ಯೋಚಿಸಿದಷ್ಟೂ ರುಚಿ ಹೆಚ್ಚುವ ಪ್ರಶ್ನೆ ಇದು. ಗೈಡ್‌ಗಳಿಗೆ ಇದು ಗೊತ್ತಿದ್ದರೆ ಸುಮ್ನೆ ಬಿಡುತ್ತಿದ್ದರಾ? ಅವರು ಇಲ್ಲಸಲ್ಲದ ಸುರಂಗದ ಕಥೆ ಹೇಳುವುದು ಹೇಳೋಕೆ ಬೇರೆ ಏನೂ ಕೊಟ್ಟಿಲ್ಲದ್ದಕ್ಕೆ.

ತಮ್ಮ ಕಷ್ಟವೂ ನನಗೆ ಗೊತ್ತಾಗುತ್ತದೆ. ಟಿಪ್ಪು ಹೆಸರು ಎತ್ತಿದರೆ ಜಗಳ. ಒಬ್ಬರಿಗೆ ಅವನು ಹುಲಿ, ಇನ್ನೊಬ್ಬರಿಗೆ ಕ್ರೂರಿ. ಎರಡು ಸಾಲು ಜಾಸ್ತಿ ಬರೆದರೆ ಪ್ರತಿಭಟನೆ, ಎರಡು ಸಾಲು ಕಮ್ಮಿ ಬರೆದರೂ ಪ್ರತಿಭಟನೆ. ಹಾಗಾಗಿ ಏನೂ ಬರೆಯದೆ ಇರುವುದೇ ಕ್ಷೇಮ ಎಂದು ಅನ್ನಿಸಿರಬಹುದು. ಆದರೆ ನೋವನ್ನು ಬಚ್ಚಿಟ್ಟರೆ ಅದು ಹೋಗುವುದಿಲ್ಲ. 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಇದೇ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ. ಕೊಡವರನ್ನೂ ತಂದ. ಬದುಕಿ ಉಳಿದ ಸೆರೆಯವರಿಗೆ 1799ರ ಮೇ 4 ಬಿಡುಗಡೆಯ ದಿನ. ಅದನ್ನೂ ಬರೆಯಿರಿ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ಅದೇ ಕೋಟೆಗೆ ಟಿಕೆಟ್ ತೆಗೆದುಕೊಂಡು ಬರುತ್ತಾರೆ, ಅವರಿಗೂ ಅದು ಅವರದೇ ಊರಿನ ಕಥೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂದು ಫಲಕ ತೀರ್ಪು ಕೊಡಬೇಕಾಗಿಲ್ಲ. ಆದದ್ದನ್ನು ಆದ ಹಾಗೆ ಹೇಳಿದರೆ ಸಾಕು. ಅವನ ಬಗೆಗಿನ ಜಗಳದ ಗಲಾಟೆಯಲ್ಲಿ, ಅವನ ನಂತರ ಒಂದೂವರೆ ಶತಮಾನ ನಡೆದ ಆಳ್ವಿಕೆ ಮಾತ್ರ ಆರಾಮಾಗಿ ಬಚಾವಾಗಿದೆ, ಅಲ್ವಾ?

ಶ್ರೀರಂಗಪಟ್ಟಣದ ಬಗ್ಗೆಯೇ ಜಾಸ್ತಿ ಬರೆದೆ. ಬೇರೆ ಕಡೆಯ ಪರಿಸ್ಥಿತಿ ಇದಕ್ಕಿಂತ ಬಹಳ ಬೇರೆ ಏನಿಲ್ಲ. ಕಿತ್ತೂರಿನಲ್ಲಿ ಅಕ್ಟೋಬರ್‌ನಲ್ಲಿ ಉತ್ಸವ, ದೀಪ, ಮೆರವಣಿಗೆ ಎಲ್ಲ ಚೆನ್ನಾಗಿ ನಡೆಯುತ್ತದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿ ಸತ್ತದ್ದು ಎಲ್ಲರಿಗೂ ಬಾಯಿಪಾಠ. ಅದೇ ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದು ಕಿತ್ತೂರನ್ನು ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟಿತು. ಆಕೆ ಅಲ್ಲೇ 1829ರಲ್ಲಿ ತೀರಿಕೊಂಡಳು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಕಿತ್ತೂರು, ಬೈಲಹೊಂಗಲ, ನಂದಗಡ ಮೂರೂ ಒಂದೇ ಜಿಲ್ಲೆಯಲ್ಲಿವೆ, ಒಂದೇ ಕಥೆಯ ಮೂರು ಅಧ್ಯಾಯ. ಒಂದು ದಿನದಲ್ಲಿ ಮೂರನ್ನೂ ನೋಡಿ ಬರಬಹುದು. ಕಿತ್ತೂರಿನ ಕೋಟೆ ಬಾಗಿಲಲ್ಲಿ ನಿಂತ ಹೊರಗಿನವರಿಗೆ ಮುಂದೆ ಎಲ್ಲಿಗೆ ಹೋಗಬೇಕು ಎಂದು ತೋರಿಸುವ ನಕ್ಷೆ ಬೇಕು.

ಮಡಿಕೇರಿಯ ಕೋಟೆಯೊಳಗೊಂದು ಚರ್ಚಿದೆ, ಈಗ ಅದೇ ಮ್ಯೂಸಿಯಂ. ಕೋಟೆಯ ನಡುವೆ ಚರ್ಚು ಯಾಕೆ ಬಂತು ಎಂದು ಕೇಳಿದರೆ 1834ರ ಕಥೆ ತೆರೆಯುತ್ತದೆ. ಆ ವರ್ಷ ಕಂಪನಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ನುಂಗಿತು. ಅವನು ಮುಂದೆ ಲಂಡನ್ನಿಗೆ ಹೋದ, ಮಗಳು ಗೌರಮ್ಮನಿಗೆ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾದಳು. ಕೊಡಗು ಕಂಪನಿಯ ಕೈಸೇರಿದ ಮೂರೇ ವರ್ಷದಲ್ಲಿ, 1837ರಲ್ಲಿ, ಅಮರ ಸುಳ್ಯದ ರೈತರು ಎದ್ದು ಮಂಗಳೂರಿನವರೆಗೂ ಹೋಗಿ ಬಾವುಟ ಹಾರಿಸಿದರು. ಆ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಇದೇ ಮಡಿಕೇರಿ ಕೋಟೆಯಲ್ಲಿ. ಮಂಗಳೂರಿನ ಬಾವುಟಗುಡ್ಡೆಗೂ ಮಡಿಕೇರಿ ಕೋಟೆಗೂ ಇರುವ ನಂಟು ಎರಡೂ ಕಡೆ ಹೋಗಿ ಬಂದವರಿಗೂ ಗೊತ್ತಿರುವುದಿಲ್ಲ. ಅಬ್ಬಿ ಜಲಪಾತಕ್ಕೆ ದಾರಿ ತೋರಿಸುವ ಬೋರ್ಡುಗಳಿಗೇನೂ ಕೊರತೆಯಿಲ್ಲ.

ಈಗ ನನ್ನ ಕೋರಿಕೆಗಳು. ದೊಡ್ಡ ಖರ್ಚಿನವು ಯಾವುದೂ ಇಲ್ಲ. ಲೈಟ್ ಅಂಡ್ ಸೌಂಡ್ ಶೋ, ಗಾಜಿನ ಸೇತುವೆ, ಸೆಲ್ಫಿ ಪಾಯಿಂಟ್ ನಾನು ಕೇಳುತ್ತಿಲ್ಲ.

ಮೊದಲನೆಯದು, ಇಂಗ್ಲಿಷ್‌ನಲ್ಲಿರುವ ಹಳೆಯ ಕಲ್ಲು, ಕಂಬ, ಫಲಕಗಳನ್ನು ಹಾಗೇ ಉಳಿಸಿ. ಪ್ರತಿಯೊಂದರ ಪಕ್ಕ ಕನ್ನಡದ ಹೊಸ ಫಲಕ ಹಾಕಿಸಿ. ಹತ್ತನೇ ತರಗತಿಯ ಹುಡುಗಿ ನಿಂತಲ್ಲೇ ಓದಿ ಮುಗಿಸುವಷ್ಟು ಉದ್ದ ಸಾಕು. ಹಳೆಯ ಕಲ್ಲನ್ನು ಯಾರು, ಯಾವಾಗ, ಯಾರ ನೆನಪಿಗೆ ಹಾಕಿಸಿದರು ಎಂದು ಅದರಲ್ಲಿರಲಿ. ಯುದ್ಧ ಮುಗಿದ ಮೇಲೆ ಏನಾಯಿತು ಎಂದೂ ಇರಲಿ. ಒಪ್ಪಂದದ ಮೊತ್ತ, ಹೋದ ಊರುಗಳು, ಗಡಿಪಾರಾದವರು ಎಲ್ಲ ಬರಲಿ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದ್ದು, 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಅವರನ್ನು ಕಲ್ಕತ್ತಾಗೆ ಕಳಿಸಿದ್ದು, ಅಲ್ಲಿ ಒಬ್ಬ ಮಗ ಕಟ್ಟಿಸಿದ ಮಸೀದಿ ಇವತ್ತಿಗೂ ಇರುವುದು, ಇದೆಲ್ಲ ಗುಂಬಜ್‌ನ ಅಂಗಳದಲ್ಲಿ ಹೇಳದೆ ಇನ್ನೆಲ್ಲಿ ಹೇಳೋದು?

ಎರಡನೆಯದು, ಗೈಡ್‌ಗಳಿಗೂ ಆಟೋದವರಿಗೂ ಒಂದು ಸಣ್ಣ ಪುಸ್ತಿಕೆ ಕೊಡಿ. ವರ್ಷಕ್ಕೊಮ್ಮೆ ಎರಡು ದಿನ ತರಬೇತಿ ಮಾಡಿ, ಆ ಎರಡು ದಿನದ ಕೂಲಿಯನ್ನೂ ಕೊಡಿ. ಸೀಸನ್ನಿನ ದುಡಿಮೆ ನಂಬಿದವರನ್ನು ಬಿಟ್ಟಿ ಕರೆದರೆ ಯಾರೂ ಬರುವುದಿಲ್ಲ. ಅದೇ ಪುಸ್ತಿಕೆ ಶಾಲೆಗಳಿಗೂ ನವೆಂಬರ್‌ನೊಳಗೆ ತಲುಪಲಿ. ಹಾಗಾದರೆ ಮೇಷ್ಟ್ರು ಬಸ್ಸಿನಲ್ಲೇ ಓದಿಕೊಂಡು ಬರುತ್ತಾರೆ.

ಮೂರನೆಯದು ನಕ್ಷೆ. ಶ್ರೀರಂಗಪಟ್ಟಣದಿಂದ ಬೆಂಗಳೂರು ಕೋಟೆ ಮತ್ತು ದಂಡಿಗೆ. ಕಿತ್ತೂರಿನಿಂದ ಬೈಲಹೊಂಗಲ, ನಂದಗಡಕ್ಕೆ. ಮಡಿಕೇರಿಯಿಂದ ಸುಳ್ಯ, ಮಂಗಳೂರಿಗೆ. ಪ್ರತಿ ಜಾಗದಲ್ಲೂ ಮುಂದಿನ ಜಾಗದ ಸುಳಿವು ಸಿಗಬೇಕು. ನಮ್ಮಲ್ಲಿ ದೇವಸ್ಥಾನಗಳ ಟೂರ್ ಪ್ಯಾಕೇಜ್ ಬೇಕಾದಷ್ಟಿವೆ. ಇದೂ ಒಂದು ಇರಲಿ.

ಕೊನೆಯದಾಗಿ, ಶ್ರೀರಂಗಪಟ್ಟಣದ ಹಳೆಯ ಸೈನಿಕರ ಸ್ಮಶಾನ. ಡಿ ಮ್ಯೂರಾನ್ ಎಂಬ ಸ್ವಿಸ್ ಪಡೆ ಮೊದಲು ಡಚ್ಚರ ಸಂಬಳಕ್ಕಿತ್ತು, ಆಮೇಲೆ ಬ್ರಿಟಿಷರ ಸಂಬಳಕ್ಕೆ ಬಂತು. ಅವರಲ್ಲಿ ಹಲವರು ಇಲ್ಲಿ ಮಣ್ಣಾಗಿದ್ದಾರೆ. ದೂರದ ಸ್ವಿಟ್ಜರ್ಲೆಂಡ್‌ನ ಹುಡುಗರು ಕಾವೇರಿ ದಂಡೆಯಲ್ಲಿ ಸತ್ತದ್ದು ಯಾಕೆ ಎಂದು ತಿಳಿದುಕೊಂಡರೆ ಕಂಪನಿ ಎಂಬ ವ್ಯಾಪಾರ ಎಷ್ಟು ದೊಡ್ಡದಿತ್ತು ಅನ್ನೋದು ಅಂದಾಜಾಗುತ್ತದೆ. ಯಾವ ಆಟೋದವರ ಪಟ್ಟಿಯಲ್ಲೂ ಇದು ಇಲ್ಲ. ಸೇರಿಸಿ.

ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ ಎಂದು ಗೊತ್ತು. 1907ರ ಆ ಕಂಬದಿಂದ ಶುರು ಮಾಡಿ. ಮುಂದಿನ ಡಿಸೆಂಬರ್‌ನ ಶಾಲಾ ಬಸ್ಸುಗಳು ಬರುವುದರೊಳಗೆ ಅದರ ಪಕ್ಕ ಒಂದು ಕನ್ನಡ ಫಲಕ ನಿಲ್ಲಲಿ. ಬರಹ ತಿದ್ದಿಕೊಡಲು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ ಬಲ್ಲವರು ಇದ್ದಾರೆ. ಬಿಡಿ ಸಾಲುಗಳ ಮೇಲೆ ತಕರಾರು ಬಂದರೆ ಕರಡನ್ನು ಮೊದಲೇ ಜನರ ಮುಂದಿಡಿ, ಒಂದು ತಿಂಗಳು ಆಕ್ಷೇಪಣೆಗೆ ಬಿಡಿ, ದಾಖಲೆ ನೋಡಿ ತೀರ್ಮಾನಿಸಿ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದು ಬಹಿರಂಗವಾಗಿಯೇ ಉತ್ತರ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಟಿಕೆಟ್ ತೆಗೆದುಕೊಂಡು ಬರುವ ಒಬ್ಬ ಪ್ರವಾಸಿ